ಹಗುರವೆಂದರೆ ಎಷ್ಟು ಹಗುರ? – ಲ್ಯಾಪ್‌ಟಾಪ್ ವಿವರಪಟ್ಟಿಯ ಒಂದು ವಿಮರ್ಶೆ

ಕಥೆ, ಕವನ, ನಾಟಕಗಳಿಗೆ ವಿಮರ್ಶಕರಿದ್ದಾರೆ. ವಿಜ್ಞಾನದ ಪುಸ್ತಕ ಬಂದರೂ ಯಾರಾದರೊಬ್ಬರು ನಾಲ್ಕು ಸಾಲು ಬರೆಯುತ್ತಾರೆ. ಆದರೆ ಮನೆಮಂದಿಯೆಲ್ಲ ಕೂತು ಗಂಭೀರವಾಗಿ ಓದುವ, ಓದಿದ ಮೇಲೆ ಎರಡು ಮೂರು ತಿಂಗಳ ಸಂಬಳವನ್ನೇ ಖರ್ಚು ಮಾಡಿಸುವ ಒಂದು ಬಗೆಯ ಬರಹವನ್ನು ಮಾತ್ರ ಯಾರೂ ವಿಮರ್ಶೆ ಮಾಡುವುದಿಲ್ಲ. ಅದು ಲ್ಯಾಪ್‌ಟಾಪ್ ಗಣಕದ ವಿವರಪಟ್ಟಿ. ಅದನ್ನು ಬರೆಯುವವರು ಬಹುಮಟ್ಟಿಗೆ ಸುಳ್ಳು ಹೇಳುವುದಿಲ್ಲ. ಯಾವುದನ್ನು ದಪ್ಪ ಅಕ್ಷರದಲ್ಲಿ ಮೊದಲ ಸಾಲಿಗೆ ತರಬೇಕು, ಯಾವುದನ್ನು ಕೊನೆಯ ಪುಟದ ಸಣ್ಣ ಅಕ್ಷರಗಳಿಗೆ ತಳ್ಳಬೇಕು ಎಂಬುದರಲ್ಲಿ ಅವರ ಜಾಣ್ಮೆ ಇದೆ. ಭೌತಶಾಸ್ತ್ರ ಓದಿದವರು, ಓದಿಸುವವರು ಈ ಪಟ್ಟಿಯನ್ನು ಬೇರೆಯವರಿಗಿಂತ ಚೆನ್ನಾಗಿ ಓದಬಲ್ಲರು. ಓದಬೇಕು ಕೂಡ.

ಇಂಥ ಪಟ್ಟಿಗಳನ್ನು ನಾನು ಎರಡು ತಿಂಗಳು ಕೂತು ಓದುವ ಸಂದರ್ಭ ಬಂತು. ನನ್ನ ಪತ್ನಿ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಗಣಿತ ಮತ್ತು ವಿಜ್ಞಾನ ಬೋಧನೆಯ ತರಬೇತಿ ಕೊಡುವ ಕೆಲಸದಲ್ಲಿದ್ದಾರೆ. ಮನೆ ಸಿಂಧನೂರಿನಲ್ಲಿ. ವಾರದಲ್ಲಿ ಎರಡು ದಿನ ಮಸ್ಕಿ, ಒಂದೆರಡು ದಿನ ಲಿಂಗಸುಗೂರು. ಸಿಂಧನೂರಿನಿಂದ ಹೊರಟ ಹೆದ್ದಾರಿ ಮಸ್ಕಿಯನ್ನು ಹಾದೇ ಲಿಂಗಸುಗೂರಿಗೆ ಹೋಗುತ್ತದೆ. ಒಟ್ಟು ದೂರ ಸುಮಾರು 50 ಕಿ.ಮೀ. ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಅದೃಷ್ಟ, ಉಳಿದ ದಿನ ನಿಂತೇ ಪ್ರಯಾಣ. ಅವರ ಹಳೆಯ ಲ್ಯಾಪ್‌ಟಾಪಿನ ತೂಕ 2.3 ಕಿ.ಗ್ರಾಂ., ಅದರ ಚಾರ್ಜರ್ 400 ಗ್ರಾಂ. ಬಲಭುಜದ ನೋವು ಹೆಚ್ಚಾಗಿ ವೈದ್ಯರ ಹತ್ತಿರ ಹೋದಾಗ, ಭಾರ ಹೊರುವುದನ್ನು ಕಡಿಮೆ ಮಾಡಿ, ಇಲ್ಲವೇ ಓಡಾಟ ಕಡಿಮೆ ಮಾಡಿ ಎಂದರು. ಓಡಾಟ ಕಡಿಮೆ ಮಾಡುವುದೆಂದರೆ ಹೊರಗಿನ ಎರಡು ಊರುಗಳ ಕೆಲಸವನ್ನು ಬಿಡುವುದೆಂದೇ ಅರ್ಥ. ಅದಕ್ಕೆ ಅವರು ಸಿದ್ಧರಿರಲಿಲ್ಲ. ಹಾಗಾಗಿ ಹಗುರ ಲ್ಯಾಪ್‌ಟಾಪ್ ಹುಡುಕುವುದು ನಮ್ಮ ಮನೆಯಲ್ಲಿ ಷೋಕಿಯ ಮಾತಾಗಿರಲಿಲ್ಲ.

ಹೆಗಲಿನ ಲೆಕ್ಕ

ಮೊದಲು ಒಂದು ಸರಳ ಲೆಕ್ಕ ಮಾಡೋಣ. ಲ್ಯಾಪ್‌ಟಾಪ್, ಚಾರ್ಜರ್, ಒಂದು ಲೀಟರ್ ನೀರು, ಊಟದ ಡಬ್ಬಿ, ಒಂದೆರಡು ಪುಸ್ತಕ – ಎಲ್ಲ ಸೇರಿ ಬ್ಯಾಗಿನ ತೂಕ 4.5 ಕಿ.ಗ್ರಾಂ. ಎಂದುಕೊಳ್ಳಿ. ಬಲ ಸುಮಾರು 44 ನ್ಯೂಟನ್. ಬ್ಯಾಗಿನ ಪಟ್ಟಿ ಒಂದೇ ಹೆಗಲಿನ ಮೇಲಿದ್ದರೆ ಅದು ಬೆನ್ನುಮೂಳೆಯಿಂದ ಸುಮಾರು 15 ಸೆಂ.ಮೀ. ದೂರದಲ್ಲಿರುತ್ತದೆ. ಟಾರ್ಕ್ 6.6 ನ್ಯೂಟನ್-ಮೀಟರ್. ದೇಹ ಒಂದು ಕಡೆ ವಾಲದಂತೆ ಹಿಡಿದಿಡುವ ಸ್ನಾಯುಗಳು ಬೆನ್ನುಮೂಳೆಯಿಂದ ಕೇವಲ 5 ಸೆಂ.ಮೀ. ಆಸುಪಾಸಿನಲ್ಲಿ ಎಳೆಯುತ್ತವೆ. ಅವು ಹಾಕಬೇಕಾದ ಬಲ ಸುಮಾರು 132 ನ್ಯೂಟನ್, ಅಂದರೆ 13 ಕಿ.ಗ್ರಾಂ.ಗೂ ಮೀರಿದ ತೂಕಕ್ಕೆ ಸಮ. ಇದು ಸ್ಥೂಲ ಮಾದರಿ. ದೇಹದ ನಿಜವಾದ ರಚನೆ ಇಷ್ಟು ಸರಳವಲ್ಲ. ಆದರೂ ಅನುಪಾತವನ್ನು ಗಮನಿಸಿ. ಬ್ಯಾಗಿನಿಂದ ಒಂದು ಕಿಲೋ ತೆಗೆದರೆ ಸ್ನಾಯುವಿನ ಪಾಲಿಗೆ ಮೂರು ಕಿಲೋ ಇಳಿಯುತ್ತದೆ. ಬಸ್ಸು ಗುಂಡಿಗೆ ಇಳಿದು ಎದ್ದಾಗ ಮೇಲ್ಮುಖ ವೇಗೋತ್ಕರ್ಷ ಸೇರಿಕೊಂಡು ಕ್ಷಣಕಾಲ ಈ ಅಂಕಿಗಳೆಲ್ಲ ಇನ್ನೂ ಮೇಲೇರುತ್ತವೆ.

ಇದನ್ನೆಲ್ಲ ಬರೆದು ತೋರಿಸಿ, ಎರಡೂ ಹೆಗಲಿಗೆ ಹಾಕುವ ಬ್ಯಾಗು ತೆಗೆದುಕೊಂಡರೆ ಟಾರ್ಕ್ ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ, ಐದು ಪೈಸೆಯ ಲ್ಯಾಪ್‌ಟಾಪೂ ಬೇಡ ಎಂದೆ. ಪತ್ನಿಯ ಉತ್ತರ: "ಲೆಕ್ಕ ಖರೇ ಅದರೀ. ಆದ್ರ ಗದ್ದಲದ ಬಸ್ಸಿನ್ಯಾಗ ಬೆನ್ನಿಗೆ ಬ್ಯಾಗು ಹಾಕ್ಕೊಂಡು ಒಂದ್ಸಲ ನಿಂತು ನೋಡ್ರಿ. ಹಿಂದಿನವರು ಸುಮ್ನಿರ್ತಾರೇನು?" ಮಾದರಿಯಲ್ಲಿ ಸಹಪ್ರಯಾಣಿಕರು ಇರಲಿಲ್ಲ ಎಂಬುದು ನಿಜ. ಬಸ್ ನಿಲ್ದಾಣದಿಂದ ಶಾಲೆಯವರೆಗೆ ಎರಡು ಹೆಗಲು, ಬಸ್ಸಿನೊಳಗೆ ಒಂದು ಹೆಗಲು ಎಂದು ಒಪ್ಪಂದವಾಯಿತು. ಹಾಗಾಗಿ ಲ್ಯಾಪ್‌ಟಾಪಿನ ತೂಕದ ಪ್ರಶ್ನೆ ಉಳಿದೇ ಉಳಿಯಿತು.

ಪಟ್ಟಿಯ ಮೊದಲ ಸಾಲು

ಹಗುರ ಲ್ಯಾಪ್‌ಟಾಪುಗಳ ಪಟ್ಟಿಯಲ್ಲಿ ತೂಕವನ್ನು ಸಾಮಾನ್ಯವಾಗಿ "1.19 ಕಿ.ಗ್ರಾಂ.ನಿಂದ ಆರಂಭ" ಎಂಬ ರೀತಿ ಬರೆದಿರುತ್ತಾರೆ. ಈ "ಆರಂಭ" ಎಂಬ ಮಾತಿನ ಮೇಲೆ ಕಣ್ಣಿಡಿ. ಒಂದೇ ಹೆಸರಿನ ಮಾದರಿಯಲ್ಲಿ ಸಣ್ಣ ಬ್ಯಾಟರಿಯದು, ದೊಡ್ಡ ಬ್ಯಾಟರಿಯದು, ಸ್ಪರ್ಶಪರದೆ ಇರುವುದು, ಇಲ್ಲದ್ದು ಎಂದು ಹಲವು ರೂಪಗಳಿರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಹಗುರವಾದ ರೂಪದ ತೂಕ ಅದು. ನಿಮ್ಮ ಊರಿನ ಅಂಗಡಿಗೆ ಬಂದಿರುವುದು ಅದೇ ರೂಪವೇ ಎಂದು ಖಾತ್ರಿ ಇಲ್ಲ. ಚಾರ್ಜರಿನ ತೂಕ ಮೊದಲ ಸಾಲಿನಲ್ಲಿ ಎಂದೂ ಸೇರಿರುವುದಿಲ್ಲ. ಚಾರ್ಜರ್ ಬಿಟ್ಟು ಕೆಲಸಕ್ಕೆ ಹೋಗುವವರು ಎಷ್ಟು ಜನ?

ಚಾರ್ಜರಿನ ವಿಷಯದಲ್ಲಿ ಮಾತ್ರ ಕಳೆದ ಕೆಲವು ವರ್ಷಗಳಲ್ಲಿ ನಿಜವಾದ ಪ್ರಗತಿ ಆಗಿದೆ. ಹೊಸ ಬಗೆಯ ಪುಟ್ಟ ಚಾರ್ಜರುಗಳಲ್ಲಿ ಸಿಲಿಕಾನ್ ಬದಲು ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕವನ್ನು ಬಳಸುತ್ತಾರೆ. ಸಿಲಿಕಾನಿನ ಶಕ್ತಿ ಅಂತರ 1.1 ಎಲೆಕ್ಟ್ರಾನ್ ವೋಲ್ಟ್, ಇದರದು 3.4. ಇದರಿಂದ ಮಾಡಿದ ಟ್ರಾನ್ಸಿಸ್ಟರು ಹೆಚ್ಚು ವೋಲ್ಟೇಜನ್ನು ತಡೆದುಕೊಂಡು, ಹೆಚ್ಚು ವೇಗವಾಗಿ, ಕಡಿಮೆ ನಷ್ಟದಲ್ಲಿ ಸ್ವಿಚ್ ಆಗಬಲ್ಲದು. ಸ್ವಿಚ್ ಆಗುವ ಆವೃತ್ತಿ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾದರೆ ಸಾಕು. 400 ಗ್ರಾಂ ತೂಗುತ್ತಿದ್ದ 65 ವಾಟ್‌ನ ಇಟ್ಟಿಗೆ ನೂರು ಚಿಲ್ಲರೆ ಗ್ರಾಂಗೆ ಇಳಿದದ್ದು ಹೀಗೆ. ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು ನಿಮಗೆ ನೆನಪಿರಬಹುದು. ಆ ಎಲ್‌ಇಡಿಯ ಮೂಲವಸ್ತುವೂ ಇದೇ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆಗಿದ್ದರೆ ಮೊಬೈಲು, ಲ್ಯಾಪ್‌ಟಾಪು ಎರಡಕ್ಕೂ ಇದೊಂದೇ ಚಾರ್ಜರ್ ಸಾಕು. ಹಗುರ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಮೊದಲು ಇಳಿಸಬಹುದಾದ, ಎಲ್ಲಕ್ಕಿಂತ ಅಗ್ಗದ ತೂಕ ಇದು.

ಇನ್ನು ಕವಚದ ವಿಷಯ. "ಮೆಗ್ನೀಸಿಯಂ ಮಿಶ್ರಲೋಹದ ದೇಹ" ಎಂಬುದನ್ನು ಪಟ್ಟಿಯವರು ಹೆಮ್ಮೆಯಿಂದ ಹೇಳುತ್ತಾರೆ. ಇದರಲ್ಲಿ ತರಗತಿಗೆ ಒಯ್ಯಬಹುದಾದ ಒಳ್ಳೆಯ ಲೆಕ್ಕವಿದೆ. ಸಾಂದ್ರತೆ ನೋಡಿದರೆ ಎಬಿಎಸ್ ಪ್ಲಾಸ್ಟಿಕ್ ಘನ ಸೆಂ.ಮೀ.ಗೆ 1.05 ಗ್ರಾಂ, ಮೆಗ್ನೀಸಿಯಂ ಮಿಶ್ರಲೋಹ 1.8, ಅಲ್ಯೂಮಿನಿಯಂ 2.7. ಹಾಗಾದರೆ ಪ್ಲಾಸ್ಟಿಕ್ಕೇ ಹಗುರವಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆದರೆ ನಮಗೆ ಬೇಕಾದದ್ದು ಬಾಗದ ಹಲಗೆ. ಹಲಗೆಯ ಬಿಗಿತ ಯಂಗ್ ಗುಣಾಂಕಕ್ಕೂ ದಪ್ಪದ ಘನಕ್ಕೂ ಅನುಪಾತದಲ್ಲಿರುತ್ತದೆ. ಹೀಗಾಗಿ ಒಂದೇ ಬಿಗಿತಕ್ಕೆ ಬೇಕಾಗುವ ತೂಕವು, ಸಾಂದ್ರತೆಯನ್ನು ಯಂಗ್ ಗುಣಾಂಕದ ಘನಮೂಲದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅನುಪಾತದಲ್ಲಿರುತ್ತದೆ. ಗುಣಾಂಕಗಳು ಗಿಗಾಪಾಸ್ಕಲ್‌ನಲ್ಲಿ ಕ್ರಮವಾಗಿ ಸುಮಾರು 2.3, 45 ಮತ್ತು 70. ಲೆಕ್ಕ ಹಾಕಿ ನೋಡಿ: ಪ್ಲಾಸ್ಟಿಕ್‌ಗೆ 0.80, ಮೆಗ್ನೀಸಿಯಂಗೆ 0.51, ಅಲ್ಯೂಮಿನಿಯಂಗೆ 0.66 ಬರುತ್ತದೆ. ಸಾಂದ್ರತೆಯಲ್ಲಿ ಎಲ್ಲಕ್ಕಿಂತ ಹಗುರವಾದ ವಸ್ತು ಲ್ಯಾಪ್‌ಟಾಪಾದಾಗ ಎಲ್ಲಕ್ಕಿಂತ ಭಾರವಾಗುತ್ತದೆ, ಇಲ್ಲವೇ ತೆಳ್ಳಗೆ ಮಾಡಿದರೆ ಬಾಗುತ್ತದೆ. ಇಲ್ಲಿ ಪಟ್ಟಿಯವರ ಹೆಮ್ಮೆಗೆ ಆಧಾರವಿದೆ ಎಂದು ಒಪ್ಪಲೇಬೇಕು.

ಬ್ಯಾಟರಿಯ ಗಂಟೆಗಳು

ಕವಚದಲ್ಲಿ ಉಳಿಸಿದ್ದು ಸಾಲದಾದಾಗ ತಯಾರಕರ ಕೈ ಬ್ಯಾಟರಿಗೆ ಹೋಗುತ್ತದೆ. ಲಿಥಿಯಂ-ಅಯಾನ್ ಕೋಶಗಳು ಕಿಲೋಗ್ರಾಂಗೆ ಸುಮಾರು 250 ವಾಟ್-ಗಂಟೆ ಶಕ್ತಿ ಹಿಡಿಯುತ್ತವೆ. 70 ವಾಟ್-ಗಂಟೆಯ ಬ್ಯಾಟರಿ ಹಾಕುವ ಕಡೆ 40ರದ್ದನ್ನು ಹಾಕಿದರೆ 120 ಗ್ರಾಂ ಉಳಿಯಿತು. 1.3 ಕಿಲೋ 1.18 ಆಗುತ್ತದೆ, ಜಾಹೀರಾತಿನಲ್ಲಿ ಚೆನ್ನಾಗಿ ಕಾಣುತ್ತದೆ.

ಆದರೂ ಪಟ್ಟಿಯಲ್ಲಿ "18 ಗಂಟೆ ಬ್ಯಾಟರಿ" ಎಂದೇ ಇರುತ್ತದೆ. ಹೇಗೆ? 50 ವಾಟ್-ಗಂಟೆಯ ಬ್ಯಾಟರಿ 18 ಗಂಟೆ ಬರಬೇಕಾದರೆ ಯಂತ್ರದ ಸರಾಸರಿ ಬಳಕೆ 2.8 ವಾಟ್ ಇರಬೇಕು. ಪರದೆಯ ಬೆಳಕನ್ನು ಇಳಿಸಿ ಒಂದು ವಿಡಿಯೋವನ್ನು ಮೊದಲಿಂದ ಕೊನೆಯವರೆಗೆ ಓಡಿಸಿದರೆ ಇದು ಸಾಧ್ಯ, ಏಕೆಂದರೆ ವಿಡಿಯೋ ಬಿಡಿಸುವ ಕೆಲಸಕ್ಕೆ ಚಿಪ್‌ನಲ್ಲಿ ಪ್ರತ್ಯೇಕ ಮಿತವ್ಯಯಿ ಭಾಗವೇ ಇರುತ್ತದೆ. ಮೂವತ್ತು ಶಾಲೆಗಳ ಅಂಕಿಅಂಶ ತುಂಬಿದ ಹಾಳೆ, ಪಕ್ಕದಲ್ಲಿ ತೆರೆದಿಟ್ಟ ಜಾಲಪುಟಗಳು, ನಡುವೆ ಒಂದು ಗಂಟೆಯ ವಿಡಿಯೋ ಸಭೆ – ಇಂಥ ದಿನ ಬಳಕೆ ಸುಲಭವಾಗಿ 8 ವಾಟ್ ದಾಟುತ್ತದೆ. 50ನ್ನು 8ರಿಂದ ಭಾಗಿಸಿದರೆ ಆರು ಗಂಟೆ ಚಿಲ್ಲರೆ. ಆದ್ದರಿಂದ ಗಂಟೆಗಳ ಸಂಖ್ಯೆಯನ್ನು ಓದಬೇಡಿ, ವಾಟ್-ಗಂಟೆಯನ್ನು ಓದಿ. ಭಾಗಾಕಾರ ನೀವೇ ಮಾಡಿ. ಇದೇ ಪಾಠ ಪವರ್ ಬ್ಯಾಂಕಿಗೂ ಅನ್ವಯ. 20,000 ಮಿಲಿಆಂಪಿಯರ್-ಗಂಟೆ ಎಂದು ಬರೆದಿರುವುದು ಕೋಶದ 3.7 ವೋಲ್ಟ್ ಲೆಕ್ಕದಲ್ಲಿ. ಅಂದರೆ 74 ವಾಟ್-ಗಂಟೆ, ಪರಿವರ್ತನೆಯ ನಷ್ಟ ಬೇರೆ.

ಏಪ್ರಿಲ್ ತಿಂಗಳ ಪ್ರಶ್ನೆ

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ವಿವರಪಟ್ಟಿಯ ಕೊನೆಯ ಪುಟಕ್ಕೆ ಹೋಗಿ, "ಕಾರ್ಯಾಚರಣೆಯ ತಾಪ" ಎಂಬ ಸಾಲನ್ನು ಹುಡುಕಿ. ಆ್ಯಪಲ್ ಕಂಪೆನಿ ತನ್ನ ಮ್ಯಾಕ್‌ಬುಕ್ ಏರ್‌ಗೆ ಕೊಟ್ಟಿರುವುದು 10ರಿಂದ 35 ಡಿಗ್ರಿ ಸೆಲ್ಸಿಯಸ್. ಬೇರೆ ದೊಡ್ಡ ಕಂಪೆನಿಗಳ ಬಹುತೇಕ ಲ್ಯಾಪ್‌ಟಾಪುಗಳಲ್ಲೂ ಮೇಲ್ಮಿತಿ ಇದೇ 35. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅಂದರೆ ವರ್ಷದ ಎರಡು ಮೂರು ತಿಂಗಳು, ಹವಾನಿಯಂತ್ರಣವಿಲ್ಲದ ಯಾವ ಶಾಲೆಯಲ್ಲಿ ತೆರೆದರೂ ಆ ಯಂತ್ರ ತನ್ನ ಪಟ್ಟಿಯ ಹೊರಗೆ ಕೆಲಸ ಮಾಡುತ್ತಿರುತ್ತದೆ. ಸಿಂಧನೂರಿನಲ್ಲಿ ಮಾರುವ ಸರಕಿಗೆ ಸಿಂಧನೂರಿನ ಹವೆ ಅನ್ವಯಿಸುವುದಿಲ್ಲ! ಇದನ್ನು ದಪ್ಪ ಅಕ್ಷರದಲ್ಲಿ ಹೇಳಿದ ಜಾಹೀರಾತನ್ನು ನಾನಂತೂ ನೋಡಿಲ್ಲ.

35 ದಾಟಿದ ಕೂಡಲೇ ಯಂತ್ರ ಸುಟ್ಟುಹೋಗುತ್ತದೆಯೇ? ಇಲ್ಲ. ನಿಧಾನವಾಗುತ್ತದೆ. ಎಷ್ಟು ನಿಧಾನ ಎಂಬುದನ್ನು ಅಂದಾಜು ಮಾಡಬಹುದು. ಫ್ಯಾನ್ ಇಲ್ಲದ, ತೀರ ತೆಳ್ಳಗಿನ ಲ್ಯಾಪ್‌ಟಾಪನ್ನು ತೆಗೆದುಕೊಳ್ಳಿ. ಅಗಲ 31 ಸೆಂ.ಮೀ., ಇನ್ನೊಂದು ಬದಿ 22 ಸೆಂ.ಮೀ. ಕೀಲಿಮಣೆಯ ಮೇಲ್ಮೈ, ತಳ ಎರಡೂ ಸೇರಿ ಸುಮಾರು 0.136 ಚದರ ಮೀಟರ್. ಗಾಳಿಯ ಸಹಜ ಸಂವಹನ ಮತ್ತು ವಿಕಿರಣ ಎರಡನ್ನೂ ಸೇರಿಸಿ, ಒಂದು ಚದರ ಮೀಟರಿನಿಂದ ಒಂದು ಡಿಗ್ರಿ ವ್ಯತ್ಯಾಸಕ್ಕೆ 10 ವಾಟ್ ಹೊರಹೋಗುತ್ತದೆ ಎನ್ನುವುದು ಇಂಥ ಲೆಕ್ಕಗಳಲ್ಲಿ ಸಾಮಾನ್ಯ ಅಂದಾಜು. ಕೈ ಇಡುವ ಮೇಲ್ಮೈ 45 ಡಿಗ್ರಿಗಿಂತ ಬಿಸಿಯಾಗಬಾರದು ಎಂದುಕೊಳ್ಳೋಣ. ಕೋಣೆ 25 ಡಿಗ್ರಿ ಇದ್ದರೆ ವ್ಯತ್ಯಾಸ 20. ಹೊರಹೋಗಬಲ್ಲ ಉಷ್ಣ ಸುಮಾರು 27 ವಾಟ್. ಕೋಣೆ 40 ಡಿಗ್ರಿ ಇದ್ದರೆ ವ್ಯತ್ಯಾಸ ಕೇವಲ 5. ಹೊರಹೋಗುವುದು ಸುಮಾರು 7 ವಾಟ್.

ನಾಲ್ಕನೆಯ ಒಂದು ಭಾಗ! ಬೆಂಗಳೂರಿನ ತಂಪು ಕೋಣೆಯಲ್ಲಿ ಯಾರೋ ಪರೀಕ್ಷಿಸಿ ಹೊಗಳಿದ ಯಂತ್ರ ಮಸ್ಕಿಯ ತಗಡಿನ ಚಾವಣಿಯ ಕೆಳಗೆ ಬೇರೆಯೇ ಯಂತ್ರವಾಗುತ್ತದೆ. ಉಷ್ಣ ಹೊರಹೋಗದಿದ್ದರೆ ಪ್ರೊಸೆಸರ್ ತನ್ನ ಆವೃತ್ತಿಯನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ಬಳಸುವವರಿಗೆ ಕಾಣುವುದು ಇಷ್ಟೇ: ಮಧ್ಯಾಹ್ನ ಮೂರು ಗಂಟೆಗೆ ಸಭೆಯ ವಿಡಿಯೋ ತಡೆತಡೆದು ಬರುತ್ತದೆ, ಅಂತರ್ಜಾಲ ಸರಿಯಿಲ್ಲ ಎಂದು ಬೈಯುತ್ತೇವೆ.

ಹಾಗಾದರೆ ಫ್ಯಾನ್ ಇರುವುದೇ ಲೇಸೇ? ಅದಕ್ಕೂ ಬೆಲೆ ಇದೆ. ಫ್ಯಾನು, ತಾಮ್ರದ ಉಷ್ಣವಾಹಕ ಕೊಳವೆ, ರೆಕ್ಕೆಗಳು ಸೇರಿ ತೂಕ ಹೆಚ್ಚುತ್ತದೆ. ಮೇಲಾಗಿ ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಗಿರಣಿಗಳ ಹೊಟ್ಟಿನ ಧೂಳು, ಬೇಸಿಗೆಯಲ್ಲಿ ಎರೆಮಣ್ಣಿನ ಪುಡಿ. ಫ್ಯಾನು ಗಾಳಿಯ ಜೊತೆ ಇದನ್ನೂ ಎಳೆದುಕೊಂಡು ರೆಕ್ಕೆಗಳ ನಡುವೆ ಕಟ್ಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆಯಾದರೂ ತಳ ಬಿಚ್ಚಿ ಸ್ವಚ್ಛ ಮಾಡಬೇಕು. ತಳವನ್ನು ಸಾಮಾನ್ಯ ಸ್ಕ್ರೂ ಹಾಕಿ ಕೂಡಿಸಿದ್ದಾರೆಯೇ, ಅಂಟು ಹಾಕಿದ್ದಾರೆಯೇ ಎಂಬುದು ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ನೀವೇ ಮಗುಚಿ ನೋಡಬೇಕು. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಮ್ಮ ಜಿಲ್ಲೆಗೆ ಫ್ಯಾನ್ ಇರುವುದೇ ವಾಸಿ ಎಂದು ನನ್ನ ತೀರ್ಮಾನ. ಧೂಳನ್ನು ಬ್ರಷ್ಷಿನಿಂದ ತೆಗೆಯಬಹುದು, ಏಪ್ರಿಲ್ ತಿಂಗಳನ್ನು ತೆಗೆಯಲಾಗದು.

ಬ್ಯಾಟರಿಗೂ ಈ ಸೆಕೆ ಒಳ್ಳೆಯದಲ್ಲ. ಪೂರ್ತಿ ಚಾರ್ಜ್ ಮಾಡಿದ ಲಿಥಿಯಂ-ಅಯಾನ್ ಕೋಶವನ್ನು 25 ಡಿಗ್ರಿಯಲ್ಲಿ ವರ್ಷವಿಡೀ ಇಟ್ಟರೆ ಅದರ ಧಾರಣೆ ಶೇ. 80ರ ಆಸುಪಾಸಿಗೆ ಇಳಿಯುತ್ತದೆ, 40 ಡಿಗ್ರಿಯಲ್ಲಿ ಇಟ್ಟರೆ ಶೇ. 65ರ ಆಸುಪಾಸಿಗೆ ಎಂಬುದು ಬ್ಯಾಟರಿ ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂದಾಜು. ಅರ್ಧಕ್ಕಿಂತ ಕಡಿಮೆ ಚಾರ್ಜಿನಲ್ಲಿಟ್ಟರೆ ನಷ್ಟ ಎಷ್ಟೋ ಕಡಿಮೆ. ಸಣ್ಣ ಬ್ಯಾಟರಿ ಹಾಕಿ ಹಗುರ ಮಾಡಿದ ಯಂತ್ರಕ್ಕೆ ಈ ಇಳಿಕೆ ಹೆಚ್ಚು ತಟ್ಟುತ್ತದೆ, ಕಳೆದುಕೊಳ್ಳಲು ಅದರ ಬಳಿ ಮೊದಲೇ ಕಡಿಮೆ ಇರುತ್ತದೆ.

ಕಾಣದ ಪರದೆ, ಇಲ್ಲದ ಕಿಂಡಿ

ತರಬೇತಿ ಎಂದರೆ ಯಾವಾಗಲೂ ಕೋಣೆಯೊಳಗೆ ಎಂದಲ್ಲ. ಕರೆಂಟ್ ಹೋದಾಗ ಎಲ್ಲರೂ ಪಡಸಾಲೆಗೆ ಬರುತ್ತಾರೆ. ಅಲ್ಲಿ ನೆರಳಿನಲ್ಲೂ 10,000 ಲಕ್ಸ್ ಬೆಳಕು ಇರಬಹುದು. ಸುಣ್ಣ ಬಳಿದ ಎದುರುಗೋಡೆ ಅದರಲ್ಲಿ ಶೇ. 80ರಷ್ಟನ್ನು ಚದುರಿಸಿದರೆ ಗೋಡೆಯ ಹೊಳಪು ಚದರ ಮೀಟರಿಗೆ ಸುಮಾರು 2,500 ಕ್ಯಾಂಡೆಲಾ. ಇದೇ ಮಾನವನ್ನು ಪಟ್ಟಿಯವರು ನಿಟ್ ಎನ್ನುತ್ತಾರೆ. ಗಾಜಿನ ವಕ್ರೀಭವನ ಸೂಚ್ಯಂಕ 1.5 ಎಂದಾದರೆ ಲಂಬವಾಗಿ ಬಿದ್ದ ಬೆಳಕಿನ ಶೇ. 4 ಪ್ರತಿಫಲಿಸುತ್ತದೆ – ಪಿಯುಸಿಯಲ್ಲೇ ಲೆಕ್ಕ ಹಾಕಬಹುದು. ಅಂದರೆ ಹೊಳಪುಗಾಜಿನ ಪರದೆಯ ಮೇಲೆ ಗೋಡೆಯ ಬಿಂಬವೇ 100 ನಿಟ್. 250 ನಿಟ್‌ನ ಪರದೆಯಲ್ಲಿ ಬಿಳಿಯ ಜಾಗ 350, ಕಪ್ಪಕ್ಷರ 100. ಸಾವಿರಕ್ಕೆ ಒಂದು ಎಂದು ಪಟ್ಟಿಯಲ್ಲಿ ಬರೆದ ವೈದೃಶ್ಯ ಮೂರೂವರೆಗೆ ಒಂದಾಯಿತು. 400 ನಿಟ್ ಇದ್ದರೆ ಐದಕ್ಕೆ ಒಂದು. ಪ್ರತಿಫಲನ ತಡೆಯುವ ಲೇಪನವಿದ್ದು ಶೇ. 1 ಮಾತ್ರ ಮರಳಿದರೆ 250 ನಿಟ್‌ನ ಪರದೆಯೂ ಹನ್ನೊಂದಕ್ಕೆ ಒಂದು ಕೊಡುತ್ತದೆ. ಗೆಲ್ಲುವುದು ಲೇಪನವೇ, ನಿಟ್‌ಗಳಲ್ಲ. ಹೆಚ್ಚು ನಿಟ್ ಎಂದರೆ ಹೆಚ್ಚು ವಾಟ್ ಎಂಬುದನ್ನೂ ಮರೆಯಬಾರದು.

ತೆಳ್ಳಗಾಗುವ ಭರದಲ್ಲಿ ಲ್ಯಾಪ್‌ಟಾಪಿನ ಅಂಚಿನ ಕಿಂಡಿಗಳು ಒಂದೊಂದಾಗಿ ಮಾಯವಾಗಿವೆ. ನಗರದ ಸಭಾಂಗಣಗಳಲ್ಲಿ ಇದರಿಂದ ತೊಂದರೆಯಿಲ್ಲ. ನಮ್ಮ ಶಾಲೆಗಳ ಪ್ರೊಜೆಕ್ಟರುಗಳಿಗೆ ಎಚ್‌ಡಿಎಂಐ ಬೇಕು, ಕೆಲವು ಹಳೆಯವಕ್ಕೆ ವಿಜಿಎ ಬೇಕು. ಕಿಂಡಿ ಇಲ್ಲದ ಯಂತ್ರ ಕೊಂಡರೆ ಜೋಡಣೆಯ ಡಬ್ಬಿಯೊಂದನ್ನು ಜೊತೆಗೆ ಹೊರಬೇಕು. ಅದರ ತೂಕವನ್ನೂ ಅದನ್ನು ಮನೆಯಲ್ಲಿ ಮರೆತು ಹೋದ ದಿನದ ಫಜೀತಿಯನ್ನೂ ಪಟ್ಟಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕನ್ನಡದ ವಿಷಯ ಪಟ್ಟಿಯಲ್ಲಿ ಇರುವುದೇ ಇಲ್ಲ. ಪತ್ನಿಯ ಕೆಲಸದಲ್ಲಿ ಮುಕ್ಕಾಲುಪಾಲು ಕನ್ನಡದ ಟೈಪಿಂಗ್. ಕನ್ನಡ ಗಣಕ ಪರಿಷತ್ತಿನ "ನುಡಿ" ವಿಂಡೋಸ್‌ಗಾಗಿ ಬರೆದ ತಂತ್ರಾಂಶ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂಗ್ಲಿಷ್ ಕೀಲಿಗಳ ಉಚ್ಚಾರಕ್ಕೆ ಹೊಂದಿಕೊಂಡಿರುವುದರಿಂದ ಕೀಲಿಗಳ ಮೇಲೆ ಕನ್ನಡ ಅಕ್ಷರ ಅಚ್ಚಾಗಿರಬೇಕಿಲ್ಲ. ಅದು ದೊಡ್ಡ ಅನುಕೂಲ. ಆದರೆ ಹತ್ತು ಹದಿನೈದು ವರ್ಷಗಳ ಹಳೆಯ ಕಡತಗಳು ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿವೆ. ಅವನ್ನು ತೆರೆಯಲು, ಪರಿವರ್ತಿಸಲು ಹಳೆಯ ತಂತ್ರಾಂಶವೂ ನಡೆಯಬೇಕು. ಈಚೆಗೆ ಬರುತ್ತಿರುವ, ಫೋನಿನ ಬಗೆಯ ಎಆರ್‌ಎಂ ಪ್ರೊಸೆಸರಿನ ವಿಂಡೋಸ್ ಯಂತ್ರಗಳು ಹಗುರ, ತಂಪು, ಬ್ಯಾಟರಿಯೂ ಹೆಚ್ಚು ಬರುತ್ತದೆ. ಅವುಗಳಲ್ಲಿ ಸಾಮಾನ್ಯ ತಂತ್ರಾಂಶಗಳು ಅನುಕರಣೆಯ ಮೂಲಕ ನಡೆಯುತ್ತವೆ, ಆದರೆ ಪ್ರಿಂಟರ್ ಮೊದಲಾದವುಗಳ ಚಾಲಕ ತಂತ್ರಾಂಶ ಆ ಪ್ರೊಸೆಸರಿಗಾಗಿಯೇ ಬರೆದದ್ದಾಗಿರಬೇಕು. ಕಚೇರಿಯ ಹಳೆಯ ಪ್ರಿಂಟರಿಗೆ ಅಂಥದ್ದು ಸಿಗದಿದ್ದರೆ ಕೆಲಸ ಅಲ್ಲಿಗೇ ನಿಂತಂತೆ. ಭೌತಶಾಸ್ತ್ರದ ದೃಷ್ಟಿಯಿಂದ ನನಗೆ ಮೆಚ್ಚುಗೆಯಾದ ಯಂತ್ರ ಅದೇ ಆಗಿದ್ದರೂ ಬಿಡಬೇಕಾಯಿತು.

ಯಾರ ಕೆಲಸಕ್ಕೆ?

ಇನ್ನೊಂದು ಮಾತು ಹೇಳಲೇಬೇಕು. ಅಂಗಡಿಗಳಲ್ಲಿ "ಮೇಡಂ ಅವರಿಗಾ ಸರ್? ಹಗುರದ್ದು, ಸಣ್ಣದು ಸಾಕು ಬಿಡ್ರಿ" ಎಂದು 8 ಜಿಬಿ ಸ್ಮೃತಿಯ, ಅತಿ ಕಡಿಮೆ ಸಾಮರ್ಥ್ಯದ ಯಂತ್ರವನ್ನು ಮುಂದಿಡುವುದನ್ನು ಒಂದಕ್ಕಿಂತ ಹೆಚ್ಚು ಕಡೆ ಕಂಡೆ. ಹೆಗಲಿಗೆ ಹಗುರ ಬೇಕು ಎಂದರೆ ಕೆಲಸವೂ ಹಗುರ ಎಂದು ಅವರ ಭಾವನೆ. ಮಾತನಾಡುವಾಗಲೂ ಮುಖ ನನ್ನ ಕಡೆ! ಪತ್ನಿ ಒಂದೇ ಮಾತು ಕೇಳಿದರು: "ನನ್ನ ಶೀಟಿನ್ಯಾಗ ಆರು ಸಾವಿರ ಮಕ್ಕಳ ಹೆಸರು ಅದಾವ್ರಿ ಅಣ್ಣಾ, ಇದರಾಗ ತೆರೀತಾವೇನು ತೋರಸ್ರಿ." ತೋರಿಸಲು ಅಲ್ಲಿ ಯಾರೂ ಮುಂದೆ ಬರಲಿಲ್ಲ. ನಂತರ ಪಟ್ಟಿ ಓದುವ ಕೆಲಸ ನನ್ನದು, ಎತ್ತಿ ನೋಡುವ, ಟೈಪ್ ಮಾಡಿ ನೋಡುವ, ಬೇಡ ಎನ್ನುವ ಅಧಿಕಾರ ಅವರದು ಎಂದು ಕೆಲಸ ಹಂಚಿಕೊಂಡೆವು.

ತೂಕದಿಂದ ಹೊರಟು ಯಂತ್ರ ಕಟ್ಟುವುದು, ಕೆಲಸದಿಂದ ಹೊರಟು ಯಂತ್ರ ಕಟ್ಟುವುದು ಎರಡೂ ಬೇರೆ. 1981ರ ಆಸ್ಬೋರ್ನ್-1 ಹನ್ನೊಂದು ಕಿಲೋ ಇದ್ದರೂ "ಒಯ್ಯಬಹುದಾದ ಗಣಕ" ಎನಿಸಿಕೊಂಡಿತ್ತು. 2007ರ ಏಸಸ್ ಈ-ಪಿಸಿ ಒಂದು ಕಿಲೋಗಿಂತ ಕೆಳಗಿಳಿಯಿತು, ಆದರೆ ಏಳಿಂಚಿನ ಪರದೆಯಲ್ಲಿ ಯಾರೂ ಹೆಚ್ಚು ದಿನ ಕೆಲಸ ಮಾಡಲಿಲ್ಲ. 2008ರಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯಿಂದ 1.36 ಕಿಲೋದ ಮ್ಯಾಕ್‌ಬುಕ್ ಏರ್ ತೆಗೆದು ತೋರಿಸಿದ ಮೇಲೆ ತೆಳುವೇ ಒಂದು ಗುಣ ಎನಿಸಿತು. ಇದಕ್ಕೆಲ್ಲ ವಿರುದ್ಧವಾದ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಕಂಪೆನಿಯ ಜೊತೆ ಸೇರಿ 2001ರಲ್ಲಿ ಪ್ರಕಟಿಸಿದ ಸಿಂಪ್ಯೂಟರ್ ಅಂಗೈಯಲ್ಲಿ ಹಿಡಿಯುವ ಯಂತ್ರ. ಅದರ ವಿನ್ಯಾಸ ಶುರುವಾದದ್ದು ಗ್ರಾಂನಿಂದಲ್ಲ, ಬಳಸುವವರಿಂದ: ಭಾರತೀಯ ಭಾಷೆ ಬರಬೇಕು, ಓದು ಬಾರದವರಿಗೆ ಮಾತನಾಡಿ ಹೇಳಬೇಕು, ಸ್ಮಾರ್ಟ್ ಕಾರ್ಡ್ ಹಾಕಿ ಊರಿನ ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಬೇಕು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಬೆಲೆಯೂ ಕಾಲವೂ ಕೂಡಿಬರಲಿಲ್ಲ. ಅದರ ವಿವರಪಟ್ಟಿ ಮಾತ್ರ ಇಂದಿಗೂ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ನಮ್ಮ ಆಯ್ಕೆ

ಕೊನೆಗೆ ಎರಡು ಯಂತ್ರ ಉಳಿದವು. ಒಂದು 990 ಗ್ರಾಂನದು, ಇನ್ನೊಂದು 1.34 ಕಿಲೋದ್ದು, ಎರಡೂ 14 ಇಂಚು. ಹಗುರವಾದದ್ದಕ್ಕೆ ಜೋಡಣೆಯ ಡಬ್ಬಿ ಬೇಕು, ಅದು 80 ಗ್ರಾಂ. ಚಾರ್ಜರು ಎರಡಕ್ಕೂ ಸಮ. ಹೀಗಾಗಿ ಬ್ಯಾಗಿನಲ್ಲಿ ನಿಜವಾದ ವ್ಯತ್ಯಾಸ 270 ಗ್ರಾಂ. ಬೆಲೆಯ ವ್ಯತ್ಯಾಸ ನಲವತ್ತು ಸಾವಿರ ರೂಪಾಯಿಯ ಹತ್ತಿರ. ಅಂದರೆ ಕಡಿಮೆಯಾದ ಪ್ರತಿ ಗ್ರಾಂಗೆ ಸುಮಾರು ನೂರೈವತ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಗ್ರಾಂ ಹೆಚ್ಚಿದಷ್ಟೂ ಬೆಲೆ, ಇಲ್ಲಿ ಗ್ರಾಂ ಇಳಿದಷ್ಟೂ ಬೆಲೆ!

ಅರ್ಧ ಲೀಟರ್ ನೀರು ಕಡಿಮೆ ಒಯ್ದರೆ 500 ಗ್ರಾಂ ಪುಕ್ಕಟೆ ಇಳಿಯುತ್ತದಲ್ಲ ಎಂದು ನಾನು ಹೇಳಿದ್ದುಂಟು. "ಬ್ಯಾಸಿಗ್ಯಾಗ ನೀರಿನ ಮಾತು ಎತ್ತಬ್ಯಾಡ್ರಿ" ಎಂದು ಆ ಚರ್ಚೆ ಅಲ್ಲಿಗೇ ಮುಗಿಯಿತು. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳು ನಮ್ಮ ಜಿಲ್ಲೆಯಲ್ಲಿ ಹಲವು ಇರುವುದರಿಂದ ಮನೆಯ ನೀರನ್ನೇ ಒಯ್ಯುವ ಅವರ ಹಟದಲ್ಲಿ ನ್ಯಾಯವಿದೆ.

1.34 ಕಿಲೋದ್ದನ್ನು ಕೊಂಡೆವು. ಫ್ಯಾನ್ ಇದೆ, ಎಚ್‌ಡಿಎಂಐ ಇದೆ, 57 ವಾಟ್-ಗಂಟೆಯ ಬ್ಯಾಟರಿ, ಮಿರುಗದ ಪರದೆ. ಸ್ಮೃತಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಮುಂದೆ ಹೆಚ್ಚಿಸಲಾಗದು. ಹಾಗಾಗಿ ಮೊದಲೇ 16 ಜಿಬಿ. ಇದೂ ತೆಳುವಿಗೆ ಕೊಟ್ಟ ಬೆಲೆಯೇ. ಹಳೆಯದಕ್ಕೆ ಹೋಲಿಸಿದರೆ ಚಾರ್ಜರೂ ಸೇರಿ ಬ್ಯಾಗಿನಿಂದ ಒಂದು ಕಿಲೋ ಇನ್ನೂರೈವತ್ತು ಗ್ರಾಂ ಇಳಿದಿದೆ, ಮೇಲಿನ ಮಾದರಿಯ ಪ್ರಕಾರ ಸ್ನಾಯುವಿನಿಂದ ನಾಲ್ಕು ಕಿಲೋದ ಹತ್ತಿರ. ಮಸ್ಕಿ, ಲಿಂಗಸುಗೂರುಗಳ ಕೆಲಸ ಮುಂದುವರಿದಿದೆ. ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ವ್ಯವಸ್ಥೆ ಇದರಲ್ಲಿದ್ದು, ಅದನ್ನು ಮನೆಯಲ್ಲಿ ಸದಾ ಚಾಲೂ ಇಟ್ಟಿರುತ್ತೇವೆ. ಹೊರಗಿನ ತರಬೇತಿ ಇರುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸುವುದು.